ಒಂದೇ ಮೆಲಟೋನಿನ್ ಗುಳಿಗೆ ಒಬ್ಬರಿಗೆ ತಾಗುವುದೇ ಇಲ್ಲ, ಇನ್ನೊಬ್ಬರಿಗೆ ಮರುದಿನವೂ ಮಂಪರು: ಕಾರಣವೇನು?

ಪಣಂಬೂರು ಪಾಳಿ · ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಪಣಂಬೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ನನ್ನದು ಮೂರು ಪಾಳಿಯ ಕೆಲಸ. ರಾತ್ರಿಪಾಳಿಯಿಂದ ಹಗಲುಪಾಳಿಗೆ ಬದಲಾಗುವ ವಾರದಲ್ಲಿ ನಿದ್ರೆ ಹತ್ತಿರ ಸುಳಿಯುವುದಿಲ್ಲವೆಂದು, ಜೊತೆಯವರೊಬ್ಬರ ಮಾತು ಕೇಳಿ ಮೆಲಟೋನಿನ್ ಎಂಬ ನಿದ್ರೆಯ ಹಾರ್ಮೋನಿನ 3 ಮಿಲಿಗ್ರಾಂ ಗುಳಿಗೆ ತಂದಿಟ್ಟುಕೊಂಡೆ. ಮಲಗುವ ಮೊದಲು ನುಂಗಿ ನೋಡಿದರೆ ನನಗೆ ಅದರಿಂದ ಎಳ್ಳಷ್ಟೂ ಪ್ರಯೋಜನ ಕಾಣಲಿಲ್ಲ. ಅದೇ ಸ್ಟ್ರಿಪ್‌ನಿಂದ ನಮ್ಮ ಅತ್ತಿಗೆ ಒಂದನ್ನು ತೆಗೆದುಕೊಂಡರು. ಮರುದಿನ ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಾ ಕಾವಲಿಯ ಮುಂದೆಯೇ ತೂಕಡಿಸಿದರು. ದೋಸೆ ಕರಟಿ ಹೊಗೆ ಎದ್ದ ಮೇಲೆ ಅಣ್ಣ ಬಂದು ಒಲೆ ಆರಿಸಬೇಕಾಯಿತು. ಹತ್ತು ಗಂಟೆ ಕಳೆದರೂ ಅವರ ಮಂಪರು ಇಳಿಯಲಿಲ್ಲ.

ಅಂಗಡಿಯವರನ್ನು ಕೇಳಿದರೆ, "ನಿಮಗೆ ಸಾಲದಿದ್ದರೆ 10 ಮಿಲಿಗ್ರಾಂನದು ಇದೆ, ಕೊಡಲೇ?" ಎನ್ನುತ್ತಾರೆ. ಕೊಳ್ಳುವ ಮೊದಲು ಈ ವಸ್ತು ದೇಹದೊಳಗೆ ಏನು ಕೆಲಸ ಮಾಡುತ್ತದೆ, ಎಲ್ಲಿ ಒಡೆದುಹೋಗುತ್ತದೆ, ಇಬ್ಬರಲ್ಲಿ ಇಷ್ಟು ಅಂತರ ಯಾಕೆ ಎಂಬುದನ್ನು ಬಲ್ಲವರಿಂದ ತಿಳಿಯಬೇಕೆಂದಿದ್ದೇನೆ.

ಬೋಳಾರದ ಅಕ್ಕ · ರಾತ್ರಿ 11:03

ಗುಳಿಗೆ ಯಾಕೆ ತಮ್ಮಾ? ರಾತ್ರಿ ಒಂದು ಲೋಟ ಬಿಸಿ ಹಾಲು, ಒಂದು ಕದಳಿ ಬಾಳೆಹಣ್ಣು. ಹಾಲಿನಲ್ಲಿಯೂ ಮೆಲಟೋನಿನ್ ಇದೆಯೆಂದು ನಾನು ಎಲ್ಲಿಯೋ ಓದಿದ್ದೇನೆ.

ಕಲ್ಯಾಣಪುರ ಮೆಡಿಕಲ್ · ರಾತ್ರಿ 11:10

ಪಾಳಿಯವರೇ, ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಿ. ನೀವು ಬೀಡಿ, ಸಿಗರೇಟು ಸೇದುತ್ತೀರಾ? ಅತ್ತಿಗೆಯವರು ಬೇರೆ ಯಾವುದಾದರೂ ಔಷಧವನ್ನು ದಿನವೂ ತೆಗೆದುಕೊಳ್ಳುತ್ತಾರಾ? ಅದು ತಿಳಿಯುವ ತನಕ 10 ಮಿಲಿಗ್ರಾಂನ ಮಾತನ್ನು ಬದಿಗಿಡಿ.

ಕೊಡಿಯಾಲ್‌ಬೈಲ್ ಮಾಸ್ಟ್ರು · ರಾತ್ರಿ 11:31

ಜೀವರಸಾಯನ ಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು.

ನಾವು ಆಹಾರದಲ್ಲಿ ತಿನ್ನುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ಸೆರೊಟೋನಿನ್ ಆಗುತ್ತದೆ. ಮೆದುಳಿನ ನಡುವೆ ಇರುವ ಪಿನಿಯಲ್ ಗ್ರಂಥಿಯಲ್ಲಿ ಎರಡು ಕಿಣ್ವಗಳು ಒಂದರ ಹಿಂದೆ ಒಂದು ಕೆಲಸ ಮಾಡಿ ಆ ಸೆರೊಟೋನಿನ್‌ಗೆ ಮೊದಲು ಅಸಿಟೈಲ್ ಗುಂಪನ್ನೂ ಆಮೇಲೆ ಮೀಥೈಲ್ ಗುಂಪನ್ನೂ ಸೇರಿಸಿದಾಗ ಮೆಲಟೋನಿನ್ ಸಿದ್ಧವಾಗುತ್ತದೆ. ಹಗಲಿನಲ್ಲಿ ರಕ್ತದಲ್ಲಿರುವ ಪ್ರಮಾಣ ಒಂದು ಮಿಲಿಲೀಟರಿಗೆ 10 ಪಿಕೋಗ್ರಾಂಗಿಂತ ಕಡಿಮೆ (ಪಿಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು). ಕತ್ತಲಾದ ಮೇಲೆ ಅದು ಏರತೊಡಗಿ, ನಡುರಾತ್ರಿ ಕಳೆದು 2ರಿಂದ 4 ಗಂಟೆಯ ಹೊತ್ತಿಗೆ ಹಗಲಿನ ಹಲವು ಪಟ್ಟಾಗಿ, ಬೆಳಕು ಹರಿಯುವಾಗ ಇಳಿಯುತ್ತದೆ. ಪಿನಿಯಲ್ ಗ್ರಂಥಿ ಇದನ್ನು ಕೂಡಿಟ್ಟುಕೊಳ್ಳುವುದಿಲ್ಲ. ಆದ ಹಾಗೆಯೇ ರಕ್ತಕ್ಕೆ ಬಿಡುತ್ತದೆ.

ಒಡೆಯುವುದು ಮುಖ್ಯವಾಗಿ ಪಿತ್ತಜನಕಾಂಗದಲ್ಲಿ. ಅಲ್ಲಿ ಸಿವೈಪಿ1ಎ2 ಎಂಬ ಕಿಣ್ವ ಮೆಲಟೋನಿನ್ ಅಣುವಿನ ಆರನೆಯ ಸ್ಥಾನಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪನ್ನು ಅಂಟಿಸುತ್ತದೆ. ಹಾಗೆ ಹುಟ್ಟಿದ 6-ಹೈಡ್ರಾಕ್ಸಿಮೆಲಟೋನಿನ್‌ಗೆ ಇನ್ನೊಂದು ಕಿಣ್ವ ಸಲ್ಫೇಟನ್ನು ಜೋಡಿಸುತ್ತದೆ, ಸ್ವಲ್ಪ ಪಾಲಿಗೆ ಗ್ಲುಕುರೊನಿಕ್ ಆಮ್ಲ ಜೋಡಣೆಯಾಗುತ್ತದೆ. ಈ ಜೋಡಣೆಯಿಂದ ನೀರಿನಲ್ಲಿ ಸುಲಭವಾಗಿ ಕರಗುವಂತಾಗಿ ಮೂತ್ರದಲ್ಲಿ ಹೊರಟುಹೋಗುತ್ತದೆ. ರಕ್ತದಲ್ಲಿರುವ ಮೆಲಟೋನಿನ್‌ನ ಅರ್ಧ ಭಾಗ ಇಲ್ಲವಾಗಲು ಮುಕ್ಕಾಲು ಗಂಟೆಯ ಆಸುಪಾಸು ಸಾಕು.

ಇನ್ನು ಬಾಯಿಯಿಂದ ನುಂಗಿದ ಗುಳಿಗೆಯ ಪಾಡು. ಕರುಳಿನಿಂದ ಹೀರಲ್ಪಟ್ಟದ್ದು ದೇಹಕ್ಕೆಲ್ಲ ಹರಡುವ ಮೊದಲೇ ಪಿತ್ತಜನಕಾಂಗವನ್ನು ಹಾದುಹೋಗಬೇಕು. ಅಲ್ಲಿಯೇ ಬಹುಪಾಲು ಒಡೆದುಹೋಗುವುದರಿಂದ ಸರಾಸರಿ ಶೇಕಡಾ 15ರಷ್ಟು ಮಾತ್ರ ರಕ್ತಕ್ಕೆ ತಲಪುತ್ತದೆ. ಈ ಸರಾಸರಿಯನ್ನು ನಂಬಿ ಕೂರುವಂತಿಲ್ಲ, ಯಾಕೆಂದರೆ ಸಿವೈಪಿ1ಎ2ರ ಚುರುಕು ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ. ನಿಮ್ಮಿಬ್ಬರ ಅಂತರದ ಮೂಲವನ್ನು ಅಲ್ಲಿ ಹುಡುಕಬೇಕು. ಮೆಡಿಕಲಿನವರು ಕೇಳಿದ ಎರಡೂ ಪ್ರಶ್ನೆಗಳು ಅಲ್ಲಿಗೇ ನಾಟುತ್ತವೆ.

ಬೋಳಾರದ ಅಕ್ಕನವರಿಗೆ: ಹಾಲಿನಲ್ಲಿ ಮೆಲಟೋನಿನ್ ಇರುವುದು ನಿಜ, ಆದರೆ ಒಂದು ಲೋಟದಲ್ಲಿರುವುದು ನ್ಯಾನೋಗ್ರಾಂ ಲೆಕ್ಕದಲ್ಲಿ. ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷ ನ್ಯಾನೋಗ್ರಾಂ.

ಬೋಳಾರದ ಅಕ್ಕ · ರಾತ್ರಿ 11:38

ಮಾಸ್ಟ್ರೇ, ನಿಮ್ಮ ಲೆಕ್ಕ ಸರಿಯಿರಬಹುದು. ನಮ್ಮ ಮನೆಯಲ್ಲಿ ಹಾಲು ಕುಡಿದವರು ಗೊರಕೆ ಹೊಡೆಯುತ್ತಿದ್ದಾರೆ, ಲೆಕ್ಕ ಮಾಡಿದವರು ಇನ್ನೂ ಎಚ್ಚರವಾಗಿದ್ದಾರೆ.

ಪಣಂಬೂರು ಪಾಳಿ · ರಾತ್ರಿ 11:44

ಬೀಡಿ ಸೇದುತ್ತೇನೆ, ದಿನಕ್ಕೊಂದು ಕಟ್ಟು ಮುಗಿಯುತ್ತದೆ. ಅತ್ತಿಗೆಯವರ ಗುಳಿಗೆಯ ಹೆಸರನ್ನು ಅಣ್ಣನಲ್ಲಿ ಕೇಳಿದೆ. ಕೈ ತೊಳೆದಷ್ಟೂ ಸಾಲದೆಂಬ ಗೀಳಿಗೆ ಮನೋವೈದ್ಯರು ಬರೆದುಕೊಟ್ಟ ಫ್ಲುವೊಕ್ಸಮಿನ್ ಎಂದರು. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಕಲ್ಯಾಣಪುರ ಮೆಡಿಕಲ್ · ರಾತ್ರಿ 11:56

ಇಬ್ಬರ ವಿಷಯವೂ ಇಲ್ಲಿಗೆ ಬಿಡಿಸಿತು ಮಾರಾಯರೇ.

ಫ್ಲುವೊಕ್ಸಮಿನ್ ಎಂಬುದು ಸಿವೈಪಿ1ಎ2 ಕಿಣ್ವವನ್ನು ಬಲವಾಗಿ ತಡೆಯುವ ಔಷಧಗಳಲ್ಲಿ ಮುಂಚೂಣಿಯದು. ಯುರೋಪಿನಲ್ಲಿ ಮಾರುವ 2 ಮಿಲಿಗ್ರಾಂನ, ನಿಧಾನವಾಗಿ ಬಿಡುಗಡೆಯಾಗುವ ಮೆಲಟೋನಿನ್ ಗುಳಿಗೆಯ ಅಧಿಕೃತ ಮಾಹಿತಿಪತ್ರದಲ್ಲಿಯೇ ಇದನ್ನು ಹೇಳಿದ್ದಾರೆ: ಫ್ಲುವೊಕ್ಸಮಿನ್ ಜೊತೆ ತೆಗೆದುಕೊಂಡಾಗ ದೇಹಕ್ಕೆ ಒಟ್ಟು ಸಿಗುವ ಮೆಲಟೋನಿನ್ 17 ಪಟ್ಟು, ರಕ್ತದಲ್ಲಿನ ಗರಿಷ್ಠ ಮಟ್ಟ 12 ಪಟ್ಟು ಹೆಚ್ಚಾಗುತ್ತದೆ, ಆದ್ದರಿಂದ ಈ ಜೋಡಿಯನ್ನು ತಪ್ಪಿಸಬೇಕು. ಅತ್ತಿಗೆಯವರು 3 ಮಿಲಿಗ್ರಾಂ ನುಂಗಿದರೂ ಅವರ ರಕ್ತಕ್ಕೆ ಬಿದ್ದದ್ದು 50 ಮಿಲಿಗ್ರಾಂ ನುಂಗಿದವರ ಪಾಲು ಎಂದು ಸ್ಥೂಲವಾಗಿ ತಿಳಿಯಬಹುದು. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ನಿಲ್ಲಿಸಬೇಕಾದದ್ದು ಮೆಲಟೋನಿನ್. ಮನೋವೈದ್ಯರು ಕೊಟ್ಟದ್ದನ್ನು ಅವರನ್ನು ಕೇಳದೆ ನಿಲ್ಲಿಸಬಾರದು. ಮುಂದಿನ ಭೇಟಿಯಲ್ಲಿ ಈ ಸಂಗತಿಯನ್ನು ಅವರಿಗೆ ತಿಳಿಸಲಿ. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆಗಳೂ ಇದೇ ಕಿಣ್ವವನ್ನು ಸ್ವಲ್ಪಮಟ್ಟಿಗೆ ತಡೆಯುತ್ತವೆ.

ನಿಮ್ಮದು ಇದಕ್ಕೆ ತದ್ವಿರುದ್ಧ. ಬೀಡಿಯ ಹೊಗೆ ಅದೇ ಕಿಣ್ವವನ್ನು ಹೆಚ್ಚು ಹೆಚ್ಚು ತಯಾರಾಗುವಂತೆ ಮಾಡುತ್ತದೆ. ನೀವು ನುಂಗಿದ್ದು ರಕ್ತ ಸೇರುವ ಮೊದಲೇ ಒಡೆದುಹೋಗುತ್ತಿದೆ.

ಸುಟ್ಟ ಬಂಗುಡೆ · ರಾತ್ರಿ 11:59

ಹಾಗಾದರೆ ಅತ್ತಿಗೆಯವರಿಗೆ ಒಂದು ಬೀಡಿ ಕೊಟ್ಟರೆ ಇಬ್ಬರ ಲೆಕ್ಕವೂ ಸಮ ಆಗುವುದಿಲ್ಲವೇ?

ಕೊಡಿಯಾಲ್‌ಬೈಲ್ ಮಾಸ್ಟ್ರು · ರಾತ್ರಿ 12:08

ಬಂಗುಡೆಯವರೇ, ನಿಮ್ಮ ಹೆಸರಿಗೂ ಈ ಕಿಣ್ವಕ್ಕೂ ನಂಟಿದೆ ಎಂಬುದು ನಿಮಗೆ ತಿಳಿದಿರಲಿಕ್ಕಿಲ್ಲ. ಎಲೆ, ಕಟ್ಟಿಗೆ, ಮಾಂಸ ಯಾವುದೇ ಇರಲಿ, ಅರೆಬರೆ ಉರಿದಾಗ ಹುಟ್ಟುವ ಹೊಗೆಯಲ್ಲಿ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳೆಂಬ ವಸ್ತುಗಳಿರುತ್ತವೆ. ಅವು ಜೀವಕೋಶದೊಳಗಿನ ಒಂದು ಗ್ರಾಹಕಕ್ಕೆ (ರಿಸೆಪ್ಟರ್, ಅಂದರೆ ಸಂದೇಶ ಹಿಡಿಯುವ ಅಣು) ತಾಗಿ, ಸಿವೈಪಿ1ಎ2ರ ಜೀನ್ ಹೆಚ್ಚು ಕೆಲಸ ಮಾಡುವಂತೆ ಮಾಡುತ್ತವೆ. ಕೆಂಡದ ಮೇಲೆ ಕರಟುವಷ್ಟು ಸುಟ್ಟ ಮಾಂಸವನ್ನು ದಿನವೂ ತಿಂದವರಲ್ಲಿ ಈ ಕಿಣ್ವ ಚುರುಕಾದದ್ದನ್ನು ಅಳೆದು ನೋಡಿದ್ದಾರೆ. ಎಲೆಕೋಸು, ಬ್ರೊಕೊಲಿಯ ಜಾತಿಯ ತರಕಾರಿಗಳಿಗೂ ಸ್ವಲ್ಪ ಆ ಗುಣವಿದೆ. ವಾರಕ್ಕೊಮ್ಮೆ ಬಾಳೆಎಲೆಯಲ್ಲಿ ಸುತ್ತಿ ಸುಟ್ಟ ಬಂಗುಡೆಯಿಂದ ಯಾರ ನಿದ್ರೆಯೂ ಕೆಡಲಾರದು, ಆದರೆ ದಿನವಿಡೀ ಎಳೆಯುವ ಬೀಡಿಯ ಹೊಗೆಯ ಪರಿಣಾಮ ನಿಜಕ್ಕೂ ದೊಡ್ಡದು.

ಎಲೆ ಅಡಿಕೆ · ರಾತ್ರಿ 12:15

ನಾನು ಸೇದುವವನಲ್ಲ, ಊಟದ ಮೇಲೆ ಹೊಗೆಸೊಪ್ಪು ಹಾಕಿ ಎಲೆ ತಿನ್ನುವವನು. ನನ್ನ ಪಿತ್ತಜನಕಾಂಗವೂ ಇಷ್ಟೇ ಚುರುಕಾಗಿರುತ್ತದೆಯೇ?

ಕಲ್ಯಾಣಪುರ ಮೆಡಿಕಲ್ · ರಾತ್ರಿ 12:19

ಇಲ್ಲ. ಕಿಣ್ವವನ್ನು ಹೆಚ್ಚಿಸುವುದು ಹೊಗೆ, ನಿಕೋಟಿನ್ ಅಲ್ಲ. ಜಗಿಯುವವರಲ್ಲಿ, ನಿಕೋಟಿನ್ ಪಟ್ಟಿ ಅಂಟಿಸಿಕೊಂಡವರಲ್ಲಿ ಆ ಪರಿಣಾಮ ಇರುವುದಿಲ್ಲ. ಹಾಗೆಂದು ಹೊಗೆಸೊಪ್ಪಿಗೆ ನಾನು ಒಳ್ಳೆಯ ಮಾತು ಹೇಳಿದೆನೆಂದು ತಿಳಿಯಬೇಡಿ, ಬಾಯಿಯ ಕ್ಯಾನ್ಸರಿನ ಔಷಧ ಕೊಳ್ಳಲು ಬರುವವರನ್ನು ದಿನವೂ ನೋಡುತ್ತೇನೆ.

ಪಾಳಿಯವರಿಗೆ ಇನ್ನೊಂದು ಸೂಚನೆ. ಬೀಡಿ ಬಿಟ್ಟರೆ (ಬಿಡಿ ಎಂದೇ ನನ್ನ ಸಲಹೆ) ಸುಮಾರು ಒಂದು ವಾರದೊಳಗೆ ಕಿಣ್ವ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆಗ ಅದೇ 3 ಮಿಲಿಗ್ರಾಂ ನಿಮಗೆ ಹೆಚ್ಚೆನಿಸಬಹುದು. ಮೆಲಟೋನಿನ್ ವಿಷಯದಲ್ಲಿ ಇದು ಒಂದು ಬೆಳಗಿನ ಮಂಪರಿಗೆ ಮುಗಿಯುತ್ತದೆ; ಆದರೆ ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೊಜಪಿನ್ ಕೂಡ ಇದೇ ಕಿಣ್ವದಿಂದ ಒಡೆಯುವುದರಿಂದ, ಅವನ್ನು ತೆಗೆದುಕೊಳ್ಳುವವರು ಧೂಮಪಾನ ಬಿಡುವಾಗ ವೈದ್ಯರಿಗೆ ಹೇಳಲೇಬೇಕು.

ಚೌಕಿಮನೆ · ರಾತ್ರಿ 12:47

ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುವವನು ನಾನು. ನನ್ನ ಪ್ರಶ್ನೆ ಗುಳಿಗೆಯದ್ದಲ್ಲ, ದೇಹ ತಾನೇ ಮಾಡಿಕೊಳ್ಳುವ ಮೆಲಟೋನಿನ್‌ನದು. ತಿರುಗಾಟ ಶುರುವಾದ ಮೇಲೆ, ಅದು ಮುಗಿಯುವ ಪತ್ತನಾಜೆಯ ತನಕ ನಮಗೆ ರಾತ್ರಿಯೇ ಹಗಲು. ರಂಗಸ್ಥಳದ ದೀಪಗಳು ಕಣ್ಣಿಗೆ ನೇರ ಹೊಡೆಯುತ್ತವೆ. ಬೆಳಗಿನ ಜಾವದ ಹೊತ್ತಿಗೆ, ಪ್ರಸಂಗ ಬಿರುಸಾಗಿ ನಡೆಯುತ್ತಿರುವಾಗ, ಬೆರಳು ತಾನೇ ನುಡಿಸುತ್ತಿರುತ್ತದೆ, ತಲೆ ಮಾತ್ರ ಎಲ್ಲಿಯೋ ಇರುತ್ತದೆ. ಮಂಗಳ ಹಾಡಿ ಚೌಕಿಗೆ ಬಂದು, ವೇಷದವರು ಬಣ್ಣ ತೆಗೆಯಲು ಮುಖಕ್ಕೆ ತೆಂಗಿನೆಣ್ಣೆ ಉಜ್ಜುವಾಗ ಹೊರಗೆ ಬೆಳಕು ಹರಿದಿರುತ್ತದೆ. ವ್ಯಾನಿನ ಕಿಟಕಿಯಲ್ಲಿ ಸೂರ್ಯ ಮುಖಕ್ಕೆ ಹೊಡೆಯುತ್ತಾ ಬಂದು, ಮಲಗಿದರೆ ಅರ್ಧ ದಿನವೂ ನಿದ್ರೆ ನಿಲ್ಲುವುದಿಲ್ಲ. ಇಷ್ಟು ವರ್ಷದ ಅಭ್ಯಾಸದ ಮೇಲೆ ನಮ್ಮ ಮೆಲಟೋನಿನ್ ಹಗಲಿಗೆ ತಿರುಗಿರಬೇಕಲ್ಲವೇ?

ಮಣಿಪಾಲದ ಮಳೆ · ರಾತ್ರಿ 1:20

ನಿದ್ರೆಯ ಸಂಶೋಧನೆಯಲ್ಲಿ ತೊಡಗಿರುವ ವಿದ್ಯಾರ್ಥಿನಿ ನಾನು. ಮದ್ದಳೆಯವರೇ, ಬಹುಪಾಲು ರಾತ್ರಿ ಕೆಲಸಗಾರರಲ್ಲಿ ಅದು ಪೂರ್ತಿಯಾಗಿ ತಿರುಗುವುದಿಲ್ಲ. ಕಾರಣ ನೀವು ಹೇಳಿದ ಆ ವ್ಯಾನಿನ ಕಿಟಕಿಯಲ್ಲಿದೆ.

ಕಣ್ಣಿನ ರೆಟಿನಾದಲ್ಲಿ ನೋಟಕ್ಕೆ ಬೇಕಾದ ಕೋಶಗಳಲ್ಲದೆ ಮೆಲನಾಪ್ಸಿನ್ ಎಂಬ ಬಣ್ಣದ್ರವ್ಯವುಳ್ಳ ಬೇರೆ ಕೋಶಗಳೂ ಇವೆ. ಇವು 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಇವುಗಳ ಸಂದೇಶ ಹೈಪೊಥಲಾಮಸ್‌ನಲ್ಲಿರುವ ದೇಹದ ಮುಖ್ಯ ಗಡಿಯಾರಕ್ಕೆ ಹೋಗುತ್ತದೆ. ಅಲ್ಲಿಂದ ನರದ ದಾರಿ ಬೆನ್ನುಹುರಿಗೆ ಇಳಿದು, ಕುತ್ತಿಗೆಯ ಒಂದು ನರಗಂಟನ್ನು ಸುತ್ತಿ ಮತ್ತೆ ಮೇಲೇರಿ ಪಿನಿಯಲ್ ಗ್ರಂಥಿಗೆ ಮುಟ್ಟುತ್ತದೆ. ಕತ್ತಲಿನಲ್ಲಿ ಆ ನರದ ತುದಿಯಿಂದ ನಾರ್‌ಎಪಿನೆಫ್ರಿನ್ ಹೊರಬಿದ್ದು, ಗ್ರಂಥಿಯ ಬೀಟಾ ಗ್ರಾಹಕಗಳಿಗೆ ತಾಗಿ ಮೆಲಟೋನಿನ್ ತಯಾರಿಕೆ ಶುರುವಾಗುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಈ ನರವೇ ಸುಮ್ಮನಾಗುತ್ತದೆ. ಮನುಷ್ಯರಲ್ಲಿ ಪ್ರಖರ ಬೆಳಕಿನಿಂದ ಮೆಲಟೋನಿನ್ ತಗ್ಗುತ್ತದೆ ಎಂಬುದನ್ನು ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು ತೋರಿಸಿದ್ದು 1980ರಲ್ಲಿ. ಮನೆಯ ಸಾಧಾರಣ ದೀಪವೂ ಅದನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ ಎಂಬುದು ಆಮೇಲೆ ತಿಳಿದ ಸಂಗತಿ.

ಬೆಳಗಿನ ಬಿಸಿಲು ಗಡಿಯಾರವನ್ನು ದಿನವೂ ಹಗಲಿನ ಜನರ ಕಡೆಗೆ ಎಳೆಯುತ್ತಿರುತ್ತದೆ. ರಂಗಸ್ಥಳದ ದೀಪ ಒಂದು ಕಡೆಗೆ, ಬಿಸಿಲು ಇನ್ನೊಂದು ಕಡೆಗೆ. ಆಟ ಮುಗಿಸಿ ಬರುವಾಗ ಕಪ್ಪು ಕನ್ನಡಕ ಹಾಕಿ, ಮಲಗುವ ಕೋಣೆಗೆ ದಪ್ಪ ಪರದೆ ಕಟ್ಟಿದರೆ ಸ್ವಲ್ಪ ಅನುಕೂಲವಾದೀತು. ಕನ್ನಡಕದ ಮಾತು ವ್ಯಾನಿನ ಹಿಂದೆ ಕುಳಿತವರಿಗೆ ಮಾತ್ರ, ಚಾಲಕನಿಗೆ ಖಂಡಿತ ಅಲ್ಲ.

ಕಾಲಮಿತಿ ಬೇಕು · ರಾತ್ರಿ 1:26

ಇದಕ್ಕೇ ಆಟವನ್ನು ಕಾಲಮಿತಿಯಲ್ಲಿ ಮುಗಿಸಬೇಕು ಎಂದು ನಾವು ಹೇಳುತ್ತಿರುವುದು.

ಚೌಕಿಮನೆ · ರಾತ್ರಿ 1:29

ಆ ಜಗಳವನ್ನು ಬೇರೆ ಕಡೆ ಆಡೋಣ, ಇಲ್ಲಿ ಬೇಡ.

ನೈಟ್ ಡ್ಯೂಟಿ ಸಿಸ್ಟರ್ · ರಾತ್ರಿ 2:14

ಡ್ಯೂಟಿಯ ನಡುವೆ ಬರೆಯುತ್ತಿದ್ದೇನೆ. ಮಣಿಪಾಲದವರು ಬೀಟಾ ಗ್ರಾಹಕ ಎಂದದ್ದರಿಂದ ನನ್ನ ಬಹಳ ದಿನದ ಸಂಶಯವೊಂದು ನೆನಪಾಯಿತು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವ ಹಿರಿಯರಲ್ಲಿ ಕೆಲವರು, "ಈ ಮಾತ್ರೆ ಶುರುವಾದ ಮೇಲೆ ಕಣ್ಣು ಮುಚ್ಚಿದರೂ ನಿದ್ರೆ ಹತ್ತುವುದಿಲ್ಲ ಸಿಸ್ಟರ್" ಎನ್ನುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಮಣಿಪಾಲದ ಮಳೆ · ರಾತ್ರಿ 2:25

ಇದೆ ಸಿಸ್ಟರ್. ಆ ಔಷಧಗಳು ಹೃದಯದ ಬೀಟಾ ಗ್ರಾಹಕಗಳನ್ನು ಮುಚ್ಚುವ ಹಾಗೆ ಪಿನಿಯಲ್ ಗ್ರಂಥಿಯವನ್ನೂ ಮುಚ್ಚುವುದರಿಂದ ರಾತ್ರಿಯ ಮೆಲಟೋನಿನ್ ಕಡಿಮೆಯಾಗುತ್ತದೆ. ಅಂಥ ರೋಗಿಗಳಿಗೆ ರಾತ್ರಿ 2.5 ಮಿಲಿಗ್ರಾಂ ಮೆಲಟೋನಿನ್ ಕೊಟ್ಟು ನೋಡಿದ ಒಂದು ಸಣ್ಣ ಪ್ರಯೋಗ 2012ರಲ್ಲಿ ಪ್ರಕಟವಾಯಿತು, ಅವರ ನಿದ್ರೆ ಸುಧಾರಿಸಿತ್ತು. ಆದರೆ ನಿದ್ರೆಗಾಗಿ ಯಾರೂ ಬಿಪಿ ಮಾತ್ರೆಯನ್ನು ತಾವಾಗಿ ಬಿಡಬಾರದು.

ಸಹಜ ಆರೋಗ್ಯ · ಬೆಳಿಗ್ಗೆ 6:40

ನೀವೆಲ್ಲ ನಿದ್ರೆಯಲ್ಲೇ ಸಿಕ್ಕಿಬಿದ್ದಿದ್ದೀರಿ. ಮೆಲಟೋನಿನ್ ಶಕ್ತಿಶಾಲಿ ಆಂಟಿಆಕ್ಸಿಡೆಂಟ್, ಚರ್ಮವನ್ನು ಬೆಳ್ಳಗೆ ಮಾಡುವ ಗುಣವೂ ಅದಕ್ಕಿದೆ ಎಂದು ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ. ಹೆಚ್ಚು ತೆಗೆದುಕೊಂಡಷ್ಟೂ ದೇಹ ಶುದ್ಧಿಯಾಗುತ್ತದೆ.

ಕೊಡಿಯಾಲ್‌ಬೈಲ್ ಮಾಸ್ಟ್ರು · ಬೆಳಿಗ್ಗೆ 7:15

ಚರ್ಮದ ಕಥೆಯಲ್ಲಿ ಅರ್ಧ ಸತ್ಯವಿದೆ, ಆದರೆ ಆ ಅರ್ಧ ಕಪ್ಪೆಯದು. 1917ರಲ್ಲಿ ಮೆಕಾರ್ಡ್ ಮತ್ತು ಆಲೆನ್ ಎಂಬವರು ದನದ ಪಿನಿಯಲ್ ಗ್ರಂಥಿಯ ಸಾರವನ್ನು ಗೊದಮೊಟ್ಟೆಗಳಿಗೆ ಕೊಟ್ಟಾಗ ಅವುಗಳ ಮೈಬಣ್ಣ ತಿಳಿಯಾಯಿತು. ಆ ಸಾರದಲ್ಲಿರುವುದು ಯಾವ ವಸ್ತುವೆಂದು ಹುಡುಕಿ, 1958ರಲ್ಲಿ ಮೆಲಟೋನಿನ್ ಅನ್ನು ಬೇರ್ಪಡಿಸಿದ ಏರನ್ ಲರ್ನರ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯರಾಗಿದ್ದರು. ಕಪ್ಪೆಯ ಚರ್ಮಕೋಶಗಳಲ್ಲಿ ಬಣ್ಣದ ಕಣಗಳು ಚದುರಿದ್ದರೆ ಮೈ ಕಪ್ಪಾಗಿಯೂ ನಡುವಿಗೆ ಒಟ್ಟುಗೂಡಿದರೆ ತಿಳಿಯಾಗಿಯೂ ಕಾಣುತ್ತದೆ. ಮೆಲಟೋನಿನ್ ಅವನ್ನು ಒಟ್ಟುಗೂಡಿಸುತ್ತದೆ. ಮನುಷ್ಯನ ಚರ್ಮದ ಬಣ್ಣ ಆ ರೀತಿ ಬದಲಾಗುವುದಿಲ್ಲ. ಬೆಳ್ಳಗಾಗಲು ಇದನ್ನು ನುಂಗಿದರೆ ತೂಕಡಿಕೆ ಬಿಟ್ಟು ಬೇರೇನೂ ಲಾಭವಿಲ್ಲ.

ಆಂಟಿಆಕ್ಸಿಡೆಂಟ್ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಪ್ರಯೋಗಾಲಯದ ನಳಿಗೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಒಂದು ಸಣ್ಣ ಪಾಲು ಮೆಲಟೋನಿನ್, ಪಿತ್ತಜನಕಾಂಗದ ದಾರಿ ಬಿಟ್ಟು, ಇಂಡೋಲ್ ಉಂಗುರವೇ ಒಡೆದು ಎಎಫ್‌ಎಂಕೆ, ಎಎಂಕೆ ಎಂಬ ಹೆಸರಿನ ವಸ್ತುಗಳಾಗುತ್ತದೆ. ಅವುಗಳಿಗೂ ಆ ಗುಣವಿದೆ. ಆದರೆ ನಮ್ಮ ರಕ್ತದಲ್ಲಿರುವುದು ಪಿಕೋಗ್ರಾಂ ಲೆಕ್ಕದ ವಸ್ತು. ನಳಿಗೆಯಲ್ಲಿ ಬಳಸುವ ಪ್ರಮಾಣಕ್ಕೂ ಅದಕ್ಕೂ ಅಜಗಜಾಂತರ. "ಹೆಚ್ಚು ತೆಗೆದುಕೊಂಡಷ್ಟೂ ಶುದ್ಧಿ" ಎಂಬುದಕ್ಕೆ ಆಧಾರವಿಲ್ಲ.

ಸಹಜ ಆರೋಗ್ಯ · ಬೆಳಿಗ್ಗೆ 7:22

ಎಲ್ಲವನ್ನೂ ಪಠ್ಯಪುಸ್ತಕದಿಂದಲೇ ಅಳೆಯುವವರಿಗೆ ಏನು ಹೇಳಿದರೂ ಅಷ್ಟೆ.

ಪಣಂಬೂರು ಪಾಳಿ · ಬೆಳಿಗ್ಗೆ 7:50

ಅತ್ತಿಗೆಗೆ ಎಲ್ಲವನ್ನೂ ಓದಿ ಹೇಳಿದೆ, ಮನೋವೈದ್ಯರ ಭೇಟಿಯಲ್ಲಿ ಕೇಳುತ್ತಾರಂತೆ. ನನ್ನದು ಇನ್ನೊಂದು ಪ್ರಶ್ನೆ. ಬೀಡಿಯಿಂದ ನನ್ನದು ಬೇಗ ಒಡೆಯುವುದಾದರೆ, ಅಂಗಡಿಯವರು ಹೇಳಿದಂತೆ 10 ಮಿಲಿಗ್ರಾಂ ತೆಗೆದುಕೊಂಡರೆ ಸರಿದೂಗುವುದಿಲ್ಲವೇ? ಇನ್ನು, ನನ್ನದು ಎಷ್ಟು ಬೇಗ ಒಡೆಯುತ್ತದೆಂದು ಮೂತ್ರ ಪರೀಕ್ಷೆಯಲ್ಲಿ ತಿಳಿಯುತ್ತದೆಯೇ?

ಮಣಿಪಾಲದ ಮಳೆ · ಬೆಳಿಗ್ಗೆ 8:35

ಅಣ್ಣಾ, ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಮೂತ್ರದಲ್ಲಿ ಅಳೆಯುವುದು ಮಾಸ್ಟ್ರು ವಿವರಿಸಿದ ಆ ಸಲ್ಫೇಟ್ ಜೋಡಿಸಿದ ರೂಪವನ್ನು. ಬೇಗ ಒಡೆದರೂ ನಿಧಾನವಾಗಿ ಒಡೆದರೂ ರಾತ್ರಿ ತಯಾರಾದ ಮೆಲಟೋನಿನ್‌ನ ಬಹುಪಾಲು ಕೊನೆಗೆ ಆ ರೂಪದಲ್ಲೇ ಹೊರಬರುತ್ತದೆ. ಹಾಗಾಗಿ ಬೆಳಗಿನ ಮೊದಲ ಮೂತ್ರ ಹೇಳುವುದು ಎಷ್ಟು ತಯಾರಾಯಿತು ಎಂಬುದನ್ನು. ಎಷ್ಟು ವೇಗವಾಗಿ ಒಡೆಯಿತು ಎಂಬುದನ್ನಲ್ಲ. ವೇಗ ತಿಳಿಯಲು ಒಂದು ಗುಳಿಗೆ ಕೊಟ್ಟು, ಗಂಟೆಗೊಮ್ಮೆ ರಕ್ತವನ್ನೋ ಎಂಜಲನ್ನೋ ತೆಗೆದು ನೋಡಬೇಕು. ಸಿವೈಪಿ1ಎ2ರ ಚುರುಕನ್ನು ಅಳೆಯಲು ಸಂಶೋಧಕರು ಹೆಚ್ಚಾಗಿ ಬಳಸುವುದು ಕೆಫೀನನ್ನು, ಯಾಕೆಂದರೆ ಕಾಫಿಯ ಕೆಫೀನ್ ಒಡೆಯುವುದೂ ಈ ಕಿಣ್ವದಿಂದಲೇ. ಒಂದೇ ಕಿಣ್ವಕ್ಕೆ ಇಬ್ಬರು ಗಿರಾಕಿಗಳಾದ ಕಾರಣ, ಕೆಫೀನ್ ಜೊತೆಗೆ ಮೆಲಟೋನಿನ್ ಕೊಟ್ಟಾಗ ರಕ್ತದಲ್ಲಿ ಮೆಲಟೋನಿನ್ ಏರಿದ್ದನ್ನು ಪ್ರಯೋಗದಲ್ಲಿ ಕಂಡಿದ್ದಾರೆ.

ಮೊದಲನೆಯ ಪ್ರಶ್ನೆಗೆ ಉತ್ತರ, ಪ್ರಮಾಣಕ್ಕಿಂತ ಹೊತ್ತು ಮುಖ್ಯ. ಮೆಲಟೋನಿನ್ ಕೆಲಸ ಮಾಡುವುದು ಎಂಟಿ1, ಎಂಟಿ2 ಎಂಬ ಎರಡು ಗ್ರಾಹಕಗಳ ಮೂಲಕ, ಅವು ಮೆದುಳಿನ ಆ ಮುಖ್ಯ ಗಡಿಯಾರದಲ್ಲಿಯೇ ಇವೆ. ಎಂಟಿ1ರ ಮೂಲಕ ಗಡಿಯಾರದ ನರಕೋಶಗಳ ಮಿಡಿತ ತಗ್ಗುತ್ತದೆ. ಗಡಿಯಾರದ ಮುಳ್ಳನ್ನು ಹಿಂದೆ ಮುಂದೆ ಸರಿಸುವ ಕೆಲಸದಲ್ಲಿ ಎಂಟಿ2ರ ಪಾತ್ರ ಹೆಚ್ಚೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಹೇಳುತ್ತವೆ. ಈ ಗ್ರಾಹಕಗಳಿಗೆ ಅತ್ಯಲ್ಪ ಪ್ರಮಾಣವೇ ಸಾಕು. ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ವರ್ಟ್‌ಮನ್ ಅವರ ತಂಡ 50 ದಾಟಿದ, ನಿದ್ರೆ ಬಾರದವರ ಮೇಲೆ ಮಾಡಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 0.3 ಮಿಲಿಗ್ರಾಂ ಚೆನ್ನಾಗಿ ಕೆಲಸ ಮಾಡಿತು. 3 ಮಿಲಿಗ್ರಾಂ ಕೊಟ್ಟಾಗ ಮೈಬಿಸಿ ಇಳಿಯಿತು, ಹಗಲಿನಲ್ಲಿಯೂ ರಕ್ತದಲ್ಲಿ ಮಟ್ಟ ಉಳಿದುಕೊಂಡಿತು.

ಹೊತ್ತಿನ ವಿಷಯ ಹೀಗಿದೆ. ಸಂಜೆ, ದೇಹ ತಾನೇ ಮೆಲಟೋನಿನ್ ಬಿಡುವ ಮೊದಲು (ಅಂದರೆ ರೂಢಿಯ ನಿದ್ರೆಯ ಹೊತ್ತಿಗಿಂತ ಕೆಲವು ಗಂಟೆ ಮೊದಲು) ತೆಗೆದುಕೊಂಡರೆ ಗಡಿಯಾರ ಬೇಗದ ಕಡೆಗೆ ಸರಿಯುತ್ತದೆ. ಬೆಳಿಗ್ಗೆ ತೆಗೆದುಕೊಂಡರೆ ತಡದ ಕಡೆಗೆ ಸರಿಯುತ್ತದೆ. 10 ಮಿಲಿಗ್ರಾಂ ನುಂಗಿ ಅದು ಬೆಳಗಿನ ತನಕ ರಕ್ತದಲ್ಲಿ ಉಳಿದರೆ, ಸಂಜೆ ಬೇಗದ ಕಡೆಗೆ ತಳ್ಳಿದ್ದನ್ನು ಬೆಳಿಗ್ಗೆ ತಡದ ಕಡೆಗೆ ಎಳೆದಂತಾಗುತ್ತದೆ. ರಾತ್ರಿಪಾಳಿಯಿಂದ ಹಗಲಿಗೆ ಬದಲಾಗುವಾಗ ನಿಮ್ಮ ಗಡಿಯಾರ ತಡದ ಕಡೆಗೆ ಸರಿದಿರುತ್ತದೆ, ಅದನ್ನು ಬೇಗದ ಕಡೆಗೆ ತರಬೇಕು. ಮಲಗುವ ಹೊತ್ತಿಗೆ ನುಂಗುವ ಬದಲು ಸಂಜೆಯೇ ಸಣ್ಣ ಪ್ರಮಾಣ, ಮತ್ತು ಬೆಳಿಗ್ಗೆ ಎದ್ದ ಕೂಡಲೇ ಬಿಸಿಲು, ಇವೆರಡನ್ನೂ ವೈದ್ಯರೊಡನೆ ಮಾತಾಡಿ ನಿರ್ಧರಿಸಿ. ಸಂಜೆ ನುಂಗಿದ ಮೇಲೆ ಗಾಡಿ ಬಿಡಬೇಡಿ.

ಕಂಬಳದ ಕೋಣ · ಬೆಳಿಗ್ಗೆ 9:12

ವಿಷಯಕ್ಕೆ ಸ್ವಲ್ಪ ದೂರ ಅನಿಸಿದರೆ ಕ್ಷಮಿಸಿ. ಎಮ್ಮೆಗಳು ಮಳೆಗಾಲದ ನಂತರವೇ ಹೆಚ್ಚಾಗಿ ಬೆದೆಗೆ ಬರುವುದಕ್ಕೂ ಮೆಲಟೋನಿನ್‌ಗೂ ಸಂಬಂಧವಿದೆಯೆಂದು ಪಶುವೈದ್ಯರೊಬ್ಬರು ಹೇಳಿದರು. ಹೌದೇ?

ಕೊಡಿಯಾಲ್‌ಬೈಲ್ ಮಾಸ್ಟ್ರು · ಬೆಳಿಗ್ಗೆ 9:40

ಹೌದು. ರಾತ್ರಿ ಉದ್ದವಾದಂತೆ ಮೆಲಟೋನಿನ್ ಹರಿಯುವ ಅವಧಿಯೂ ಉದ್ದವಾಗುತ್ತದೆ. ಕುರಿ, ಎಮ್ಮೆಯಂಥ ಪ್ರಾಣಿಗಳ ದೇಹ ಋತುವನ್ನು ಗುರುತಿಸುವುದು ಅದರಿಂದ. ಹೊತ್ತಿಗೆ ಮೊದಲೇ ಬೆದೆ ಬರಿಸಲು ಕುರಿಗಳ ಕಿವಿಯ ಹತ್ತಿರ ಚರ್ಮದಡಿ ಮೆಲಟೋನಿನ್ ತುಂಡನ್ನು ಇಡುವ ಪದ್ಧತಿಯೂ ಇದೆ. ನಮ್ಮ ಮಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ, ಉತ್ತರ ಭಾರತದ ಎಮ್ಮೆಗಳಿಗೆ ಸಿಗುವಷ್ಟು ಸ್ಪಷ್ಟವಾದ ಸೂಚನೆ ಇಲ್ಲಿನವಕ್ಕೆ ಸಿಗುವುದಿಲ್ಲ. ಇಲ್ಲಿ ಮೇವು, ಸೆಕೆಗಳ ಪಾಲೂ ಇರುತ್ತದೆ.

ಗಲ್ಫ್ ಅಮ್ಮ · ಬೆಳಿಗ್ಗೆ 10:05

ಮಗ ಅಬುಧಾಬಿಯಿಂದ ಬರುವಾಗ ಮೊಮ್ಮಕ್ಕಳಿಗೆಂದು ಮೆಲಟೋನಿನ್ ಗಮ್ಮಿಯ ಡಬ್ಬಿ ತಂದಿದ್ದಾನೆ. ಮಿಠಾಯಿಯ ಹಾಗಿದೆ, ಮಕ್ಕಳು ಇನ್ನೊಂದು ಕೊಡಿ ಎನ್ನುತ್ತಾರೆ. ವಿಮಾನ ಪ್ರಯಾಣದ ಸಮಯವ್ಯತ್ಯಾಸಕ್ಕೆ ಒಳ್ಳೆಯದಂತೆ. ಕೊಡಬಹುದೇ?

ಕಲ್ಯಾಣಪುರ ಮೆಡಿಕಲ್ · ಬೆಳಿಗ್ಗೆ 10:31

ಅಮ್ಮಾ, ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ, ಮಕ್ಕಳ ವೈದ್ಯರು ಹೇಳದೆ ಒಂದನ್ನೂ ಕೊಡಬೇಡಿ. ಕೊಲ್ಲಿಗೂ ನಮಗೂ ಇರುವುದು ಒಂದೂವರೆ ಗಂಟೆಯ ವ್ಯತ್ಯಾಸ. ಅದಕ್ಕೆ ಔಷಧವೇ ಬೇಡ, ಮಕ್ಕಳಿಗೆ ಕಷ್ಟವಾಗುವುದು ನಡುರಾತ್ರಿಯ ವಿಮಾನದಿಂದ.

ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನೂ ನಂಬುವಂತಿಲ್ಲ. ಅಮೆರಿಕದಲ್ಲಿ ಮಾರುವ 25 ಗಮ್ಮಿಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ 22ರ ಮೇಲಿನ ಬರಹ ತಪ್ಪಾಗಿತ್ತು. ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ, ಉಳಿದವುಗಳಲ್ಲಿ ಬರೆದದ್ದರ ಶೇಕಡಾ 74ರಿಂದ 347ರ ತನಕ ಇತ್ತು. ಅಲ್ಲಿ ಇದನ್ನು ಆಹಾರಪೂರಕವೆಂದು ಮಾರುತ್ತಾರೆ, ಬ್ರಿಟನ್ನಿನಲ್ಲಿ ವೈದ್ಯರ ಚೀಟಿ ಬೇಕು.

ಬೋಳಾರದ ಅಕ್ಕ · ಬೆಳಿಗ್ಗೆ 10:36

ಹಾಲಿನ ಪ್ಯಾಕೆಟಿನಲ್ಲಿ ಇಂಥ ಮೋಸವಿಲ್ಲ ನೋಡಿ.

ನೈಟ್ ಡ್ಯೂಟಿ ಸಿಸ್ಟರ್ · ಮಧ್ಯಾಹ್ನ 3:48

ನಿದ್ರೆ ಮುಗಿಸಿ ಈಗ ಎಲ್ಲವನ್ನೂ ಓದಿದೆ. ಒಂದು ಸಂಗತಿ ಯಾರೂ ಎತ್ತಲಿಲ್ಲ. ಪಿತ್ತಜನಕಾಂಗ ಕುಗ್ಗಿದ ಸಿರೋಸಿಸ್ ರೋಗಿಗಳು ಹಗಲಿಡೀ ತೂಕಡಿಸಿ ರಾತ್ರಿ ಎಚ್ಚರವಾಗಿರುವುದನ್ನು ನಮ್ಮ ವಾರ್ಡಿನಲ್ಲಿ ಕಾಣುತ್ತೇವೆ. ಒಡೆಯುವ ಜಾಗವೇ ಕೆಟ್ಟಾಗ ಮೆಲಟೋನಿನ್ ಹಗಲಿಗೂ ಉಳಿಯುತ್ತದೆ ಅಲ್ಲವೇ?

ಮಣಿಪಾಲದ ಮಳೆ · ಸಂಜೆ 4:20

ಉಳಿಯುತ್ತದೆ. ಸಿರೋಸಿಸ್‌ನಲ್ಲಿ ಹಗಲಿನ ಮೆಲಟೋನಿನ್ ಮಟ್ಟ ಹೆಚ್ಚಿರುವುದನ್ನು ಅಳೆದಿದ್ದಾರೆ. ಆದರೆ ಅವರ ಹಗಲು ನಿದ್ರೆಗೆ ಅದೊಂದೇ ಕಾರಣವಲ್ಲ, ಅಮೋನಿಯಾ ಮೆದುಳಿಗೆ ಮಾಡುವ ತೊಂದರೆಯೂ ಇದೆ. ಅಂಥವರಿಗೆ ಮೆಲಟೋನಿನ್ ಗುಳಿಗೆ ಕೊಡಬಾರದೆಂದು ಯುರೋಪಿನ ಮಾಹಿತಿಪತ್ರ ಹೇಳುವುದು ಹಗಲಿನಲ್ಲಿಯೂ ಮಟ್ಟ ಹೆಚ್ಚಿರುವ ಕಾರಣಕ್ಕೇ.

ಎಲೆ ಅಡಿಕೆ · ಸಂಜೆ 6:02

ಸಕ್ಕರೆ ಕಾಯಿಲೆಗೂ ಮೆಲಟೋನಿನ್‌ಗೂ ನಂಟಿದೆಯೆಂದು ಕೇಳಿದ್ದೇನೆ. ನನಗೆ ಸಕ್ಕರೆ ಇದೆ.

ಕೊಡಿಯಾಲ್‌ಬೈಲ್ ಮಾಸ್ಟ್ರು · ಸಂಜೆ 6:45

ಇನ್ಸುಲಿನ್ ಬಿಡುವ ಮೇದೋಜೀರಕ ಕೋಶಗಳಲ್ಲಿಯೂ ಎಂಟಿ2 ಗ್ರಾಹಕವಿದೆ. ಆ ಗ್ರಾಹಕದ ಜೀನಿನ ಒಂದು ರೂಪಾಂತರ ಉಳ್ಳವರಿಗೆ ಟೈಪ್ 2 ಮಧುಮೇಹದ ಸಂಭವ ಸ್ವಲ್ಪ ಹೆಚ್ಚೆಂದು 2009ರಲ್ಲಿ ಹಲವು ತಂಡಗಳು ಪ್ರಕಟಿಸಿದವು. ರಕ್ತದಲ್ಲಿ ಮೆಲಟೋನಿನ್ ಏರಿರುವ ಹೊತ್ತಿಗೆ ಊಟ ಮಾಡಿದರೆ ಸಕ್ಕರೆ ಹತೋಟಿಗೆ ಬರುವುದು ನಿಧಾನವಾಗುತ್ತದೆ, ಆ ರೂಪಾಂತರ ಇದ್ದವರಲ್ಲಿ ಇನ್ನೂ ನಿಧಾನ. ಗುಳಿಗೆ ನುಂಗಿ ಊಟಕ್ಕೆ ಕುಳಿತರೂ ಅದೇ ಆಗುತ್ತದೆ. ಆದ್ದರಿಂದ ರಾತ್ರಿ ಊಟವನ್ನು ಎಂಟರೊಳಗೆ ಮುಗಿಸಿ, ಎಲೆ ಅಡಿಕೆಗೂ ಅಲ್ಲಿಗೆ ವಿರಾಮ ಕೊಟ್ಟರೆ ಇನ್ನೂ ಒಳ್ಳೆಯದು.

ಸುಟ್ಟ ಬಂಗುಡೆ · ಸಂಜೆ 6:58

ಮಾಸ್ಟ್ರೇ, ನಮ್ಮೂರಿನ ಮೆಹಂದಿ ಕಾರ್ಯಕ್ರಮದಲ್ಲಿ ಎಂಟಕ್ಕೆ ಡಿಜೆಯವರು ಪೆಟ್ಟಿಗೆ ಬಿಚ್ಚುತ್ತಿರುತ್ತಾರೆ, ಕೋರಿ ರೊಟ್ಟಿ ಸಿಗುವುದು ಹನ್ನೊಂದಕ್ಕೆ.

ಕೊಡಿಯಾಲ್‌ಬೈಲ್ ಮಾಸ್ಟ್ರು · ಸಂಜೆ 7:04

ಮನೆಯಲ್ಲಿ ಉಂಡುಕೊಂಡು ಹೋಗಿ.